ಹಲಗೆ ಮುಚ್ಚದ ಹೆಸರು

"ಜಂತಿ ಮೇಲೆ ಕಾಲಿಡಿ, ನಡುವೆ ಬೇಡ!"

ನಾನು ಕೂಗುವಷ್ಟರಲ್ಲಿ ಅವಳ ಎಡಗಾಲು ಅಟ್ಟದ ತೆಳು ಹಲಗೆಯನ್ನು ಸೀಳಿಕೊಂಡು ಕೆಳಗಿನ ಮಲಗುವ ಕೋಣೆಗೆ ಇಳಿದಿತ್ತು. ಕೈಯಲ್ಲಿದ್ದ ಟೀ ಮಾತ್ರ ಒಂದು ಹನಿಯೂ ಚೆಲ್ಲಿರಲಿಲ್ಲ.

"ನಗ್ಬೇಡ," ಎಂದಳು ಹೆಟ್ಟಿ.

"ನಗ್ತಿಲ್ಲ."

"ಕಣ್ಣು ನಗ್ತಿದೆ. ಮೊದ್ಲು ಟೀ ತಗೋ, ಆಮೇಲೆ ನನ್ನ ಎತ್ತು."

ಎತ್ತಿದೆ. ಇಳಿಸಲು ಮನಸ್ಸಾಗಲಿಲ್ಲ.

ಇಂಗ್ಲೆಂಡಿನ ಬಾರ್ನ್ಸ್ಲಿಯ ಆ ಮನೆ ಅವಳ ಅಪ್ಪ ಆರ್ಮಿಟೇಜ್ ಮೇಷ್ಟ್ರದು. ನನಗೂ ಗಣಿತ ಕಲಿಸಿದವರು. ನನ್ನ ತಲೆಯಲ್ಲಿ ಮರದ ಹೊಟ್ಟು ತುಂಬಿದೆ ಎಂದು ಇಡೀ ಕ್ಲಾಸನ್ನು ನಗಿಸಿದ್ದರು. ಹದಿನೈದಕ್ಕೇ ಸ್ಕೂಲಿಗೆ ಬೆನ್ನು ತಿರುಗಿಸಿದೆ. ಈಗ ಅವರ ತಲೆಯ ಮೇಲೇ ಮರ ಕೊಯ್ಯುತ್ತಿದ್ದೆ, ಅವರಿಗೆ ನನ್ನ ನೆನಪೇ ಇರಲಿಲ್ಲ. ನನಗೆ ಮೈ ಉರಿಯುತ್ತಿದ್ದುದು ಅದಕ್ಕೇ.

ಅಟ್ಟವನ್ನು ಹೆಟ್ಟಿಗೊಂದು ಕೋಣೆ ಮಾಡಬೇಕಿತ್ತು. ಛಾವಣಿಯನ್ನು ಹೊತ್ತ ಮರದ ಓರೆಗಾಲುಗಳು ಕಾಡಿನಂತೆ ತುಂಬಿದ್ದವು. ಮೊದಲು ಉಕ್ಕಿನ ತೊಲೆ ಕೂರಿಸಿ, ಭಾರವನ್ನು ಅದಕ್ಕೆ ದಾಟಿಸಿ, ಆಮೇಲೆ ಒಂದೊಂದೇ ಓರೆಗಾಲು ಕೊಯ್ಯಬೇಕು. ಒಂದು ಕೊಯ್ದಾಗಲೆಲ್ಲ ಅವಳು ಓಡಿ ಬಂದು, ತೆರವಾದ ಜಾಗದಲ್ಲಿ ನಿಂತು ಕೈ ಚಾಚುತ್ತಿದ್ದಳು.

"ಇಲ್ಲಿ ನನ್ನ ಹಾಸಿಗೆ."

"ಕಿಟಕಿ ಕೆಳಗಾ? ಚಳಿ ಹೊಡೆಯುತ್ತೆ."

"ನಂಗೆ ಚಳಿಯಾದ್ರೆ ನಿಂಗೇನು?" ಎಂದು ಕಣ್ಣಂಚಿನಲ್ಲಿ ನೋಡಿದಳು. ನನ್ನ ಗರಗಸ ಗೀಟು ಬಿಟ್ಟು ಎಲ್ಲಿಗೋ ಹೋಯಿತು.

ನಮ್ಮ ಕಸುಬಿನಲ್ಲೊಂದು ರೂಢಿ. ಹಲಗೆ ಹೊಡೆದು ಮುಚ್ಚುವ ಮುಂಚೆ ಮರದ ಮೇಲೆ ಹೆಸರು ಬರೆಯುತ್ತೇವೆ. ಮುಂದೆ ಯಾರಾದರೂ ಮನೆ ಕೆಡವಿದರೆ ಕಂಡೀತು, ಅಷ್ಟೆ. ನಾನು ನನ್ನ ಹೆಸರು 'ಕೋರಿ' ಎಂದು ಬರೆದೆ. ಹೆಟ್ಟಿ ಪೆನ್ಸಿಲ್ ಕಿತ್ತುಕೊಂಡು ಪಕ್ಕದಲ್ಲೇ ತನ್ನ ಹೆಸರು ಬರೆದು, ಎರಡನ್ನೂ ಸೇರಿಸಿ ಸುತ್ತು ಹಾಕಿದಳು.

ನಮ್ಮ ಹಿಂದೆ ಮೇಷ್ಟ್ರು ಕೆಮ್ಮಿದರು.

"ಏನಿದು?"

"ರೂಢಿ, ಡ್ಯಾಡ್."

"ಬಡಗಿ ಹುಡುಗನ ಜೊತೆ ಇದ್ಯಾವ ರೂಢಿ? ಈ ಕೋಣೆ ನಿಂಗೆ ಬೇಕಾದ್ರೆ ಇವನು ಇಲ್ಲಿಗೆ ಬರೋದು ಇವತ್ತಿಗೇ ಕೊನೆ. ಏಯ್, ಹಲಗೆ ಹೊಡಿ."

ಹೇಗೂ ಮುಚ್ಚಲೇಬೇಕಾದ ಹೆಸರು. ಆದರೆ ಆ ಬಾಯಿಂದ ಆ ಮಾತು ಬಂದ ಮೇಲೆ ಮುಚ್ಚುವುದು ಬೇರೆ.

"ಹೊಡೆಯಲ್ಲ."

"ಏನಂದೆ?"

"ಕ್ಲಾಸಲ್ಲಿ ನನ್ನ ಬಾಯಿ ಮುಚ್ಚಿಸಿದ್ರಿ ಸರ್. ಹೆಸರು ಮುಚ್ಚೋಕೆ ಬಿಡಲ್ಲ."

ಮೇಷ್ಟ್ರು ತಾವೇ ಹಲಗೆ ಎತ್ತಿದರು. ಓರೆ ಛಾವಣಿಗೆ ಹಲಗೆ ಹೊಡೆಯುವುದು ಇಬ್ಬರ ಕೆಲಸ. ಒಬ್ಬ ಒತ್ತಿ ಹಿಡಿಯಬೇಕು, ಇನ್ನೊಬ್ಬ ಸ್ಕ್ರೂ ಬಿಗಿಯಬೇಕು. ಅವರು ಒತ್ತಿ ಹಿಡಿದರು, ಅಷ್ಟರಲ್ಲೇ ಸಿಕ್ಕಿಕೊಂಡರು. ಎರಡೂ ಕೈ ಮೇಲೆ, ತಲೆಯೂ ಹಲಗೆಗೆ ಆನಿಸಿದೆ. ಬಿಟ್ಟರೆ ಮೈಮೇಲೆಯೇ.

"ಒಳ್ಳೇದಾಯ್ತು," ಎಂದಳು ಹೆಟ್ಟಿ. "ಈಗ ನಿಂತು ಕೇಳು, ಡ್ಯಾಡ್. ಇಲ್ಲಿಗೆ ಯಾರು ಹತ್ತಬೇಕು ಅಂತ ನೀನೇ ಹೇಳೋದಾದ್ರೆ ಇದು ನನ್ನ ಕೋಣೆಯಲ್ಲ. ಇವನು ಹೋದ್ರೆ ನಾನೂ ಹೋಗ್ತೀನಿ."

ನನ್ನ ಕಡೆ ತಿರುಗಿದಳು. "ನಿಂದೇನು? ಮರದ ಮೇಲೆ ಬರೆದ್ರೆ ಮುಗೀತಾ?"

"ನೀನಂದ್ರೆ ಪ್ರಾಣ."

"ಕೇಳಿಸ್ಲಿಲ್ಲ."

ಬೀದಿಯ ಕೊನೆಗೂ ಕೇಳುವಂತೆ ಕೂಗಿದೆ. ಅವಳು ನನ್ನ ಅಂಗಿ ಹಿಡಿದೆಳೆದು ಮುತ್ತಿಟ್ಟಳು. ಇಬ್ಬರ ತುಟಿಗೂ ಮರದ ಪುಡಿ ಮೆತ್ತಿತು.

ಮೇಷ್ಟ್ರ ಕೈಯಿಂದ ಹಲಗೆ ಜಾರತೊಡಗಿತು. ನಾನು ಹೋಗಿ ಹಲಗೆಯ ಇನ್ನೊಂದು ತುದಿಗೆ ಹೆಗಲು ಕೊಟ್ಟೆ. ಅರ್ಧ ಭಾರ ನನ್ನ ಮೇಲೆ ಬಂತು.

"ಸ್ಕ್ರೂ ಬಿಗಿಯೋಣವಾ ಸರ್, ಇಳಿಸೋಣವಾ?"

ಅವರು ಮಗಳನ್ನು ನೋಡಿದರು. ಅವಳು ನನ್ನ ಅಂಗಿಯನ್ನು ಇನ್ನೂ ಬಿಟ್ಟಿರಲಿಲ್ಲ.

"ಇಳಿಸು," ಎಂದರು ಮೇಷ್ಟ್ರು. "ನಿಧಾನ ಮಾರಾಯ. ಬೆರಳು ಸಿಕ್ಕೊಂಡಿದೆ."