ಎಂಟು ಬೇರಿಂಗುಗಳ ಪಂಚನಾಮೆ

ನವೆಂಬರ್ ಇಪ್ಪತ್ತೊಂದು, ಶುಕ್ರವಾರ, ಬೆಳಿಗ್ಗೆ ಒಂಬತ್ತು ಇಪ್ಪತ್ತು. ಮಲ್ಲಟದ ಪಂಪಾಪತಿ ಮಾನ್ವಿ ಠಾಣೆಯ ಮೆಟ್ಟಿಲನ್ನು ಏದುಸಿರು ಬಿಡುತ್ತ ಹತ್ತಿ ಬಂದ. ಅವನ ಬಳಿ ಎರಡೆರಡು ಗಾಲಿಯ ನಾಲ್ಕು ಟ್ರ್ಯಾಕ್ಟರ್ ಟ್ರ್ಯಾಲಿಗಳಿದ್ದವು. ಹತ್ತಿ ಬಿಡಿಸುವ ಹೆಣ್ಣಾಳುಗಳನ್ನು ಊರೂರಿನಿಂದ ತುಂಬಿಕೊಂಡು ಹೊಲಗಳಿಗೆ ಒಯ್ಯುವುದು ಅವನ ದಂಧೆ.

“ಮೇಡಂ, ಎಂಟೂ ಗಾಲಿ ಅಲ್ಲಾಡಾಕತ್ಯಾವ, ಬೇರಿಂಗ್ ಕದ್ದಾರ್ರೀ. ಸೋಮವಾರ ನೂರು ಮಂದಿ ಹೆಣ್ಮಕ್ಕಳನ್ನ ಒಯ್ಯಬೇಕು.”

ಪಿಎಸ್‌ಐ ವಿಶಾಖಾ ದೂರಿನ ಕಾಗದದಿಂದ ಕಣ್ಣೆತ್ತಿದಳು. “ಹೊಸಾವ ಹಾಕಿಸಿದ್ರ ಆತಲ್ರೀ.”

“ನನ್ನವು ಗಟ್ಟಿಮುಟ್ಟ ಅದಾವ, ಹೊಸಾವ ಯಾಕ ಹಾಕಸಲಿ? ಸೋಮವಾರದೊಳಗ ಹುಡುಕಿ ಕೊಡ್ರಿ. ಇಲ್ಲಂದ್ರ ದೊಡ್ಡವರ ಕಡಿಂದ ಫೋನ್ ಮಾಡಸ್ತೀನಿ.”

“ಮಾಡಸ್ರಿ. ಅಲ್ಲೀತನಕ ನಾ ಎಫ್‌ಐಆರ್ ಬರೀತೀನಿ.”

ಕಳುವಿನ ಪ್ರಕರಣ ದಾಖಲಾಯಿತು. ಹನ್ನೊಂದೂ ಹತ್ತಕ್ಕೆ ಮಲ್ಲಟದ ಹೊರಗಿನ ಶೆಡ್ಡಿನಲ್ಲಿ ಸ್ಥಳ ಪಂಚನಾಮೆ. ಹಿಂದಿನ ದಿನ ಛಟ್ಟಿ ಅಮಾವಾಸ್ಯೆ. ಅಮಾಸಿ ದಿನ ಈ ಸೀಮೆಯಲ್ಲಿ ಗಳೆ ಹೂಡುವುದಿಲ್ಲ, ಪಂಪಾಪತಿಯ ಗಾಲಿಗಳೂ ಅಂದು ಉರುಳುವುದಿಲ್ಲ. ಶೆಡ್ಡಿನತ್ತ ಇಡೀ ದಿನ ಯಾರೂ ಸುಳಿದಿರಲಿಲ್ಲ.

ಹೆಡ್ ಕಾನ್‌ಸ್ಟೆಬಲ್ ಮರಿಸ್ವಾಮಿ ಒಂದು ಗಾಲಿಯ ಟೋಪಿ ಕಿತ್ತು ಒಳಗೆ ಇಣುಕಿದ. ಗಾಲಿಯನ್ನು ಜಾಕಿನ ಮೇಲೆ ಎತ್ತಿ, ಪಿನ್ನು ಎಳೆದು, ನಟ್ಟು ಬಿಚ್ಚಿದರೆ ಹೊರಗಿನ ಬೇರಿಂಗ್ ಕೈಗೆ ಬರುತ್ತದೆ. ಒಬ್ಬರೇ ಮಾಡಬಹುದಾದ ಕೆಲಸ.

“ಇವನೆಂಥಾ ಕಳ್ಳ ರೀ ಮೇಡಂ? ನಟ್ ತಿರುಗಿ ಹಾಕ್ಯಾನ, ಪಿನ್ ಚುಚ್ಯಾನ, ಟೋಪಿನೂ ಬಡದಾನ. ನಮ್ಮ ಮನಿ ಅಳಿಯನೂ ಇಷ್ಟು ಮುಚ್ಚಿಟ್ಟು ಹೋಗೂದಿಲ್ಲ.”

ವಿಶಾಖಾ ಬೆರಳು ಹಾಕಿ ನೋಡಿದಳು. ಗಾಲಿಯ ನಡುವಿನ ಹಬ್ಬಿನ ಒಳಗೆಲ್ಲ ಕರ್ರಗಿನ ಸುಟ್ಟ ಎಂಜಿನ್ ಎಣ್ಣೆ. ಆದರೆ ಬೇರಿಂಗ್ ಕಳಚಿ ಬರಿದಾದ ಎಕ್ಸೆಲ್ ತುದಿಯ ಮೇಲೆ ಮಾತ್ರ ಹೊಸ ನೀಲಿ ಗ್ರೀಸು, ತೆಳ್ಳಗೆ, ಒಂದೇ ಸಮ. ಎಂಟೂ ಕಡೆ ಹಾಗೇ.

ಬಿಟ್ಟುಹೋಗುವ ಕಬ್ಬಿಣಕ್ಕೆ ಕಳ್ಳ ಗ್ರೀಸು ಸವರುವುದಿಲ್ಲ. ಬರೀ ಮೈಯಲ್ಲಿ ಬಿಟ್ಟರೆ ಇಬ್ಬನಿಗೆ ತುಕ್ಕು ಹಿಡಿದೀತೆಂದು ಯಾವುದೋ ಪಳಗಿದ ಕೈಗೆ ತಡೆಯಲಾಗಿಲ್ಲ. ವಿಶಾಖಾ ಆ ಗ್ರೀಸನ್ನು ಡಬ್ಬಿಗೆ ತುಂಬಿಸಿ ಅರಗಿನ ಮುದ್ರೆ ಹಾಕಿಸಿದಳು. ತೋರಿಸಲು ಒಂದಿಷ್ಟನ್ನು ಬೇರೆ ಕಾಗದದಲ್ಲಿ ಕಟ್ಟಿಕೊಂಡಳು.

ಶನಿವಾರ ಹತ್ತೂವರೆಗೆ ರಾಯಚೂರು. ಬಿಡಿಭಾಗಗಳ ಅಂಗಡಿಯ ಮೌಲಾಹುಸೇನ ಆ ಗ್ರೀಸನ್ನು ಹೆಬ್ಬೆರಳಲ್ಲಿ ತಿಕ್ಕಿ ಮೂಸಿದ.

“ಇದು ಕಾದರೂ ಕರಗೂದಿಲ್ಲ ರೀ. ಲಾರಿಯವ್ರು ಒಯ್ತಾರ. ಟ್ರ್ಯಾಲಿಗೆ ಯಾರು ಹಾಕ್ತಾರ ಇದನ್ನ?”

“ಒಬ್ರೂ ಇಲ್ಲೇನು?”

“ಒಬ್ಬಾಕಿ ಅದಾಳ. ದೇವದುರ್ಗದ ಗದ್ದೆಮ್ಮ. ಗಂಡ ಹೋದಮ್ಯಾಲ ಅವನ ರಿಪೇರಿ ಅಂಗಡಿ ನಡಸಾಕ ಪಾನಾ ಹಿಡದಾಕಿ. ಡಬ್ಬಿ ಇಲ್ಲೇ ತೆಗದು ಮೂಸಿ ನೋಡಿ ಒಯ್ತಾಳ. ಇಪ್ಪತ್ತು ವರ್ಷ ಆತು, ನನ್ನ ಮ್ಯಾಲ ಇನ್ನೂ ನಂಬಿಕಿ ಬಂದಿಲ್ಲ ಆಕಿಗೆ.”

ಮಧ್ಯಾಹ್ನ ಎರಡು ಐವತ್ತಕ್ಕೆ, ಅಲ್ಲಿಯ ಠಾಣೆಗೆ ತಿಳಿಸಿ, ಮರಿಸ್ವಾಮಿ, ಮಹಿಳಾ ಕಾನ್‌ಸ್ಟೆಬಲ್ ಮಂಜುಳಾ ಮತ್ತು ಇಬ್ಬರು ಪಂಚರೊಂದಿಗೆ ವಿಶಾಖಾ ದೇವದುರ್ಗದ ಒಂದು ತಗಡಿನ ಅಂಗಡಿಗೆ ಬಂದಳು. ಐವತ್ತೈದರ ಆಸುಪಾಸಿನ ಹೆಂಗಸು ಎಡ ಅಂಗೈಯಲ್ಲಿ ಗ್ರೀಸಿನ ಮುದ್ದೆ ಇಟ್ಟುಕೊಂಡು, ಬಲಗೈಯ ಬೇರಿಂಗನ್ನು ಅದಕ್ಕೆ ಒತ್ತಿ ಒತ್ತಿ ತುಂಬುತ್ತಿದ್ದಳು. ಪೊಲೀಸರನ್ನು ನೋಡಿಯೂ ಏಳಲಿಲ್ಲ.

“ಮಲ್ಲಟದ ಬೇರಿಂಗ್ ಎಲ್ಲಿ?”

“ಟ್ರಂಕಿನಾಗ ಅದಾವ. ನೀವು ಬರ್ತೀರಂತ ನಿನ್ನಿಯಿಂದ ಕಾಯಾಕತ್ತೀನಿ.”

ಟ್ರಂಕಿನಲ್ಲಿ ಎಂಟು ಬಟ್ಟೆ ಗಂಟುಗಳು. ಯಾವ ಟ್ರ್ಯಾಲಿ, ಯಾವ ಗಾಲಿ ಎಂದು ಪ್ರತಿಯೊಂದಕ್ಕೂ ಚೀಟಿ.

“ಕದ್ದದ್ದು ಒಪ್ಪತೀಯೇನವ್ವಾ?”

“ಕದ್ದಿಲ್ಲ. ಬಿಚ್ಚೀನಿ.”

“ಮಾಲಕನ್ನ ಕೇಳದ ಬಿಚ್ಚಿ ಒಯ್ದ್ರ ಕಳುವು ಅಂತಾರ.”

“ಅನ್ರಿ. ಬರೀರಿ. ಆದ್ರ ಗಂಟು ಬಿಚ್ಚಿ ನೋಡಿ ಬರೀರಿ.”

ವಿಶಾಖಾ ಒಂದು ಗಂಟು ಬಿಚ್ಚಿದಳು. ರೋಲರುಗಳ ಮೈತುಂಬ ಕುಳಿ, ಕಾದು ನೀಲಿಗಟ್ಟಿದ ಕಬ್ಬಿಣ. ಇನ್ನೊಂದರಲ್ಲಿ ರೋಲರುಗಳನ್ನು ಹಿಡಿದಿಡುವ ಪಂಜರ ಮೂರು ತುಂಡು. ವಿಶಾಖಾಳ ಅವ್ವ ಹನ್ನೊಂದು ವರ್ಷ ಇಂಥ ಟ್ರ್ಯಾಲಿಯಲ್ಲಿ ಕಾಲು ಇಳಿಬಿಟ್ಟು ಕೂತು ಹತ್ತಿ ಬಿಡಿಸಲು ಹೋದವಳು. ವಿಶಾಖಾ ಗಂಟನ್ನು ಚೀಟಿ ಸಮೇತ ಕಟ್ಟಿಟ್ಟಳು. ಪಂಪಾಪತಿಗೆ ಫೋನ್ ಹಚ್ಚಿದಳು.

ನಾಲ್ಕೂ ಹತ್ತಕ್ಕೆ ಅವನು ಬಂದ. ಗಂಟುಗಳನ್ನು ಕಂಡು ಮುಖ ಅರಳಿತು. “ಇವ ರೀ. ಎಂಟೂ ನನ್ನವ.”

“ಸರಿಯಾಗಿ ನೋಡಿ ಹೇಳ್ರಿ. ಬ್ಯಾರೆಯವರವು ಇದ್ದಾವು.”

“ಮೂವತ್ತು ವರ್ಷದ ದಂಧಿ ರೀ. ನನ್ನ ಮಾಲು ನನಗ ಗೊತ್ತಾಗೂದಿಲ್ಲೇನು?”

ಪಂಚರು ಕೇಳಿಸಿಕೊಂಡರು. ವಿಶಾಖಾ ಹೇಳುತ್ತ ಹೋದಳು, ಮರಿಸ್ವಾಮಿ ಬರೆಯುತ್ತ ಹೋದ. ಒಂದನೇ ಟ್ರ್ಯಾಲಿ, ಎಡಗಾಲಿ: ರೋಲರ್ ಮೇಲೆ ಕುಳಿಗಳಿವೆ, ಕಾದು ನೀಲಿಗಟ್ಟಿದೆ. ಬಲಗಾಲಿ: ಪಂಜರ ಮುರಿದಿದೆ. ನಾಲ್ಕನೆಯದಕ್ಕೆ ಬರುವಾಗ ಪಂಪಾಪತಿಯ ನಗು ಇಳಿದಿತ್ತು.

“ಇದನ್ನೆಲ್ಲ ಯಾಕ ಬರೀಬೇಕು ಮೇಡಂ? ನಾ ಸಹಿ ಮಾಡೂದಿಲ್ಲ.”

“ಬ್ಯಾಡ ಬಿಡ್ರಿ. ಮಾಲು ನಿಮ್ಮದಲ್ಲ ಅಂತ ಬರೀತೀನಿ. ಆಮ್ಯಾಲ ನಿಮ್ಮ ದೂರು ಏನಾಗ್ತದ ವಿಚಾರ ಮಾಡ್ರಿ.”

ಪಂಪಾಪತಿ ಕಡೆಗೆ ಸಹಿ ಮಾಡಿದ.

“ಬಾಂಡ್ ಬರಕೊಟ್ಟು ಇವತ್ತ ಒಯ್ಯಲೇನ್ರಿ?”

“ಮುದ್ದೆಮಾಲು ಕೋರ್ಟಿಗೆ ಹೋಗ್ತದ. ಟ್ರ್ಯಾಲಿ ನೋಡಾಕ ಮೋಟಾರು ವಾಹನ ನಿರೀಕ್ಷಕರಿಗೆ ಪತ್ರ ಹೋಗ್ತದ. ಅವ್ರು ಹೂಂ ಅನ್ನೂತನಕ ಒಂದು ಗಾಲಿನೂ ಉರುಳಬಾರದು.”

“ಹೊಸಾವ ತಾರೋ ಪಂಪಾಪತಿ,” ಗದ್ದೆಮ್ಮ ಕೂತಲ್ಲಿಂದಲೇ ಅಂದಳು. “ಜಾಮೀನು ಸಿಕ್ರ ನಾನ ಬಂದು ಹಾಕಿಕೊಡ್ತೀನಿ. ಕೂಲಿ ಬ್ಯಾಡ.”

ಸಂಜೆ ಐದೂ ಐದಕ್ಕೆ, ಹೊತ್ತು ಮುಳುಗುವ ಮುಂಚೆ, ಮಂಜುಳಾ ಗದ್ದೆಮ್ಮನನ್ನು ದಸ್ತಗಿರಿ ಮಾಡಿದಳು. ಹೆಬ್ಬೆಟ್ಟಿನ ಶಾಯಿ ಮುಂದೆ ಮಾಡಿದರೆ, “ಸಹಿ ಬರ್ತದ ನನಗ” ಎಂದು ಪೆನ್ನು ಇಸಿದುಕೊಂಡಳು.

ಎರಡು ವರ್ಷದ ಹಿಂದೆ ಕವಿತಾಳ ರಸ್ತೆಯಲ್ಲಿ ಇದೇ ಪಂಪಾಪತಿಯ ಟ್ರ್ಯಾಲಿಯ ಗಾಲಿ ಕಳಚಿ ಗದ್ದೆಮ್ಮನ ಅಕ್ಕ ಯಂಕಮ್ಮ ಸತ್ತಿದ್ದಳು. ಬೇರಿಂಗ್ ಹೋಗಿದೆ, ಬದಲಿಸು ಎಂದು ಗದ್ದೆಮ್ಮ ಅದಕ್ಕೂ ತಿಂಗಳು ಮೊದಲೇ ಅವನಿಗೆ ಹೇಳಿದ್ದಳು. ಯಾರಾದರೂ ಬಿಚ್ಚಿ ನೋಡುವ ಮೊದಲೇ ಅವನು ಆ ಎಕ್ಸೆಲ್ಲನ್ನು ಗುಜರಿಗೆ ಹಾಕಿದ. ತಪ್ಪು ಡ್ರೈವರನ ತಲೆಗೆ ಬಂತು. ಹಬ್ಬಿನೊಳಗೆ ಕೂತದ್ದನ್ನು ಜನ ಸತ್ತ ಮೇಲೂ ಯಾರೂ ನೋಡುವುದಿಲ್ಲ ಎಂದು ಅಂದು ಅವಳಿಗೆ ತಿಳಿಯಿತು. ಈ ಸಲ ಜನ ಬದುಕಿದ್ದಾಗಲೇ ನೋಡಿಸಬೇಕಿತ್ತು. ಅದೂ ಅವನ ಸಹಿಯೊಂದಿಗೆ.

ಜೀಪು ದೇವದುರ್ಗ ದಾಟಿತು. ಗದ್ದೆಮ್ಮ ತಲೆ ವಾರೆ ಮಾಡಿ ಏನನ್ನೋ ಆಲಿಸಿದಳು.

“ನಿಮ್ಮ ಗಾಡಿ ಎಡಗಡಿ ಮುಂದಿನ ಗಾಲಿ ಗುರ್ ಅನ್ನಾಕತ್ತದ. ನಾಳಿ ಬಿಚ್ಚಿ ನೋಡಸ್ರಿ.”

“ಆರೋಪಿ ಸುಮ್ಮನ ಕೂಡಬೇಕು,” ಅಂದ ಮರಿಸ್ವಾಮಿ, ಸ್ಟೇರಿಂಗ್ ಹಿಡಿದುಕೊಂಡೇ.

“ನಿಧಾನ ನಡಸು,” ಎಂದಳು ವಿಶಾಖಾ.