ಮೂಟೆಗೆ ಕಾಲಿಲ್ಲ

“ಮೇಡಂ, ನಾಳೆ ಈ ಸೇತುವೆ ಮೇಲೆ ಜನ ಬಿಡಬೇಡಿ!”

ಏದುಸಿರು ಬಿಡುತ್ತಾ ಓಡಿಬಂದ ಗಣಿತದ ಮೇಷ್ಟ್ರನ್ನು ಕಂಡು ಅವಳಿಗೆ ಮೈಯೆಲ್ಲ ಉರಿದುಹೋಯಿತು. ನದಿಯ ಮೇಲಿನ ಈ ಕಾಲ್ಸೇತುವೆ, ಎಂಜಿನಿಯರ್ ಆಗಿ ಅವಳು ಕಟ್ಟಿಸಿದ ಮೊದಲ ಸೇತುವೆ.

“ಮರಳಿನ ಮೂಟೆ ಹೇರಿ ಪರೀಕ್ಷೆ ಮಾಡಿದೀನಿ ರೀ. ಒಂಚೂರೂ ಅಲ್ಲಾಡಲಿಲ್ಲ!”

“ಮೂಟೆಗೆ ಕಾಲಿಲ್ವಲ್ಲ ಮೇಡಂ! ಸೇತುವೆ ಚೂರು ಓಲಾಡಿದ್ರೆ, ಬೀಳಬಾರದು ಅಂತ ಪ್ರತಿಯೊಬ್ರೂ ಕಾಲು ಪಕ್ಕಕ್ಕೆ ಊರ್ತಾರೆ. ಅದೇ ಇನ್ನಷ್ಟು ತಳ್ಳುತ್ತೆ. ಹೀಗೆ ಓಲಾಟ ಶುರುವಾಗೋಕೆ ಎಲ್ಲರ ಹೆಜ್ಜೆ ಒಂದೇ ತಾಳಕ್ಕೆ ಬೀಳಬೇಕು ಅಂತ ಮುಂಚೆ ಅಂದ್ಕೊಂಡಿದ್ರು. ಅದೂ ಬೇಕಿಲ್ಲ ಅಂತ ಈಚೆಗಿನ ಲೆಕ್ಕ ಹೇಳುತ್ತೆ. ಜನ ಕಮ್ಮಿ ಇದ್ರೆ ಏನೂ ಆಗಲ್ಲ. ಒಂದು ಮಿತಿ ದಾಟಿದ್ರೆ...”

“ನನ್ನ ಹೆಸರು ಕೆಡಿಸೋಕೆ ಯಾರು ಕಳಿಸಿದ್ದು ನಿಮ್ಮನ್ನ?”

ಅವನ ಮುಖ ಸಪ್ಪಗಾಯಿತು. “ಯಾರೂ ಇಲ್ಲ. ಎದುರಿನ ಕಾಲೇಜಿನ ಕಿಟಕಿಯಿಂದ ದಿನಾ ನಿಮ್ಮ ಕೆಲಸ ನೋಡ್ತಿದ್ದೆ...”

ದೂರದಿಂದ ಮುಖ ಕಾಣದಿದ್ದರೂ ದಿನಾ ಅವಳ ಕಣ್ಣು ಹುಡುಕುತ್ತಿದ್ದ ಆ ಕಿಟಕಿಯವನು ಇವನೇನಾ! ಎದೆ ಝಲ್ಲೆಂದಿತು. ಆದರೂ ಬೆನ್ನು ತಿರುಗಿಸಿ ನಡೆದುಬಿಟ್ಟಳು.

ಮರುದಿನ ರಿಬ್ಬನ್ ಕತ್ತರಿಸಿದ್ದೇ ತಡ, ಜನ ನುಗ್ಗಿದರು. ಎಲ್ಲರಿಗಿಂತ ಮುಂದೆ ಅವಳ ಅಮ್ಮ. “ನನ್ನ ಮಗಳು ಕಟ್ಟಿದ್ದು!” ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದರು.

ಏನೂ ಆಗಲಿಲ್ಲ. ‘ನೋಡಿದ್ರಾ ಮೇಷ್ಟ್ರೇ?’ ಎಂದು ಒಳಗೊಳಗೇ ಬೀಗಿದಳು.

ಆಗ, ಗಾಳಿಯೇ ಇಲ್ಲದೆ, ಕಂಬಿಗೆ ಕಟ್ಟಿದ್ದ ಬಲೂನುಗಳು ಅಲ್ಲಾಡತೊಡಗಿದವು...

ಎಡಕ್ಕೆ. ಬಲಕ್ಕೆ. ಮತ್ತೆ ಎಡಕ್ಕೆ, ಇನ್ನೂ ಜೋರಾಗಿ!

ಜನ ನಗುತ್ತಲೇ ಕಾಲು ಅಗಲಿಸಿದರು. ಅಡಿಯಲ್ಲಿ ಉಕ್ಕು ನರಳಿತು. ನಗು ನಿಂತುಹೋಯಿತು.

ಅಯ್ಯೋ, ಅಮ್ಮ ನಟ್ಟನಡುವೆ ಇದ್ದಾಳೆ! ಜನ ಗಾಬರಿಯಿಂದ ಓಡಿದರೆ ಮುಗಿದೇ ಹೋಯಿತು... ಮೂಟೆಗೆ ಕಾಲಿಲ್ಲ. ಅವನ ಮಾತು ತಟ್ಟನೆ ಹೊಳೆಯಿತು.

“ಓಡಬೇಡಿ! ಇದ್ದಲ್ಲೇ ಕೂತ್ಕೊಳ್ಳಿ!” ಎಂದು ಕಿರುಚಿದಳು.

ಸೇತುವೆಯ ನಡುವಿನಿಂದ ಇನ್ನೊಂದು ದನಿ ಕೂಗಿತು. “ಮೂಟೆ ಥರ ಕೂತ್ಬಿಡಿ!”

ಅವನೇ! ಅಮ್ಮನ ಕೈ ಹಿಡಿದು ಕೂರಿಸುತ್ತಿದ್ದ.

ಒಬ್ಬೊಬ್ಬರಾಗಿ ಎಲ್ಲರೂ ಕೂತರು. ಓಲಾಟ ನಿಧಾನವಾಗಿ ಇಳಿಯಿತು. ಒಂದು ಸಲಕ್ಕೆ ನಾಲ್ಕಾರು ಜನರನ್ನಷ್ಟೇ ಎಬ್ಬಿಸಿ ದಡಕ್ಕೆ ಕಳಿಸುತ್ತಾ, ಅವನು ಕೊನೆಯಲ್ಲಿ ಬಂದ. ಅವಳು ಗೇಟಿಗೆ ಬೀಗ ಹಾಕಿ ಅವನತ್ತ ತಿರುಗಿದಳು.

“ಎಲ್ಲಾ ಗೊತ್ತಿದ್ದೂ ಯಾಕೆ ಹತ್ತಿದ್ರಿ? ತಲೆ ಕೆಟ್ಟಿತ್ತಾ?”

“ನಿಮ್ಮಮ್ಮ ಹತ್ತಿದ್ರಲ್ಲ. ಅವರಿಗೇನಾದ್ರೂ ಆಗಿದ್ರೆ ನೀವು ಬದುಕ್ತಿದ್ರಾ? ನೀವಿಲ್ದೆ... ನಾನು?”

ಅವಳ ಕಣ್ಣು ತುಂಬಿ ಬಂತು. “ಸೇತುವೆ ಮೇಲಿನವರ ಥರ ನಾನೂ ಬೀಳಬಾರದು ಅಂತಾನೇ ನಿನ್ನೆ ನಿಮ್ಮನ್ನ ದೂರ ತಳ್ಳಿದ್ದು. ಇದನ್ನ ಸರಿಮಾಡೋಕೆ ಒಬ್ಬಳ ಕೈಲಿ ಆಗಲ್ಲ. ಜೊತೆಗಿರ್ತೀರಾ?”

“ಕೆಲಸ ಮುಗಿಯೋವರೆಗಾ?”

“ಮುಗಿದ ಮೇಲೂ ಕಣ್ರೀ...”