ಕೇಳದೆ ಉಳಿಸಿಕೊಂಡ ದನಿ

"ನನ್ನ ತೊ... ತೊದಲು ನಿನಗ ಚ್ಯಾಷ್ಟಿ ಆತೇನು, ಪಂಪಾಪತಿ?"

ಸ್ಟುಡಿಯೋದ ಬಾಗಿಲು ತಳ್ಳಿ ಬಂದ ವಿಜಯಶ್ರೀಯ ಕಣ್ಣುಗಳು ಕೆಂಪಾಗಿದ್ದವು. ಗಿಟಾರ್ ಬದಿಗಿಟ್ಟು ಅವನು ಗಾಬರಿಯಿಂದ ಎದ್ದು ನಿಂತ.

ಪಂಪಾಪತಿ ಕಟ್ಟಿದ, ವಿಜಯಶ್ರೀ ಹಾಡುವ ಸಿಂಧನೂರಿನ ಈ ಐವರ ಬ್ಯಾಂಡ್ ನುಡಿಸಲು ಕುಳಿತರೆ ಹಾಡು ಎತ್ತ ಹೊರಳುವುದೋ ಅವರಿಗೇ ತಿಳಿಯದು! ಈಗಷ್ಟೇ ಅವರ ಮೊದಲ ಆಲ್ಬಮ್ ಹೊರಬಂದಿತ್ತು. ಅದರಲ್ಲಿ ಆಟೋ ಹಾರ್ನಿಗೆ ತಬಲಾ ಉತ್ತರ ಕೊಡುತ್ತಿತ್ತು, ಕುಕ್ಕರಿನ ಸೀಟಿಯ ಹಿಂದೆ ಹಾರ್ಮೋನಿಯಂ ಓಡುತ್ತಿತ್ತು.

ವಿಜಯಶ್ರೀ ಹಾಡುವಾಗ ತೊದಲುತ್ತಿರಲಿಲ್ಲ, ಮಾತಾಡುವಾಗ ಮಾತ್ರ. ರೆಕಾರ್ಡಿಂಗ್ ನಡುವೆ ಏನೋ ಹೇಳಹೋಗಿ ತೊದಲಿದ್ದಳು. ತಬಲಾದ ಅಲ್ಲಾಭಕ್ಷ್ ಅದನ್ನೇ ತಾಳವಾಗಿ ಹಿಡಿದಿದ್ದ. ಅಂದು ಅವಳೂ ನಕ್ಕಿದ್ದಳು. ಪಂಪಾಪತಿ ಅದನ್ನು ಆಲ್ಬಮ್ಮಿನ ಒಂದು ಹಾಡಿಗೇ ಸೇರಿಸುತ್ತಾನೆಂದು ಅವಳಿಗೆ ಗೊತ್ತಿರಲಿಲ್ಲ.

"ಇವತ್ತು ಜವಳಗೇರಾ ಸಾಲ್ಯಾಗ ಹಾಜರಿ ಕರಿಯಾಕತ್ತಿದ್ದೆ. ಹುಡುಗ್ರು ಬೆಂಚ್ ಬಡದು ಅದ... ಅದ ತಾಳ ಹಾಕಿದ್ರು! ನಾ ಅವರ ಟೀಚರ್!"

"ವಿಜಿ, ನನಗ ಅದು ಚಂದ ಅನಿಸ್ತು..."

"ನನ್ನ ಕೇಳಿದ್ಯೇನು?"

ಅವಳು ತಿರುಗಿ ಹೊರಬಿದ್ದಳು.

ಬಸ್ಸಿನಲ್ಲಿ ಸೆರಗಿನಿಂದ ಮುಖ ಒತ್ತಿಕೊಂಡಳು. 'ಇಷ್ಟು ದಿನ ನನ್ನ ಮಾತು ಕೇಳ್ತಾನ ಅಂದ್ಕೊಂಡಿದ್ದೆ... ಅವ ಕೇಳಿದ್ದು ಬರೇ ಸದ್ದು!'

ಹನ್ನೊಂದು ದಿನ ಅವನ ಫೋನ್ ಎತ್ತಲಿಲ್ಲ. ಹನ್ನೆರಡನೆಯ ದಿನ ಅಲ್ಲಾಭಕ್ಷ್ ಫೋನ್ ಮಾಡಿದ.

"ಅಕ್ಕಾ, ಪಂಪಾಪತಿ ಆ ಹಾಡು ಎಲ್ಲಾ ಕಡೆಯಿಂದ ತೆಗದ್ಬಿಟ್ಟಾನ. ಮಂದಿ ಕೇಳೂದ ಅದನ್ನ! ನಾವು ಜಗಳ ತೆಗದ್ರೂ ಒಪ್ಪಲಿಲ್ಲ. ಬ್ಯಾಂಡ್ ಒಡದ್ರೂ ಒಡೀಲಿ ಅಂದ."

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟಾಗ ಜವಳಗೇರಾದ ಬಸ್ ಸ್ಟ್ಯಾಂಡಿನಲ್ಲಿ ಪಂಪಾಪತಿ ನಿಂತಿದ್ದ. ಮುಖ ಸೊರಗಿತ್ತು.

"ಹಾಡು ತಿರುಗಿ ಹಾಕ್ಲೇನು ಅಂತ ಕೇಳಾಕ ಬಂದ್ಯೇನು?"

"ಇಲ್ಲ. ತಪ್ಪಾತು ಅನ್ನಾಕ ಬಂದೀನಿ."

"ನಾನು ಹಾ... ಹಾಕು ಅನ್ನಂಗಿಲ್ಲ."

"ಬ್ಯಾಡ. ನಿನ್ನ ದನಿ ನಿಂದು. ಪ್ರೀತಿ ಐತಿ ಅಂತ ಕೇಳದ ಇಟ್ಕೊಂಡೆ, ವಿಜಿ... ಪ್ರೀತಿ ಇದ್ದಾಂವ ಮೊದಲು ಕೇಳಬೇಕಿತ್ತು."

ಅವಳು ಥಟ್ಟನೆ ತಲೆಯೆತ್ತಿದಳು. 'ಪ್ರೀತಿ ಅಂದನಾ...?'

ಸಿಂಧನೂರಿನ ಬಸ್ ಬಂತು. ಕಂಡಕ್ಟರ್ ಕೂಗುತ್ತಿದ್ದ. ವಿಜಯಶ್ರೀ ಬಾಯಿ ತೆರೆದಳು.

"ನಂ... ನಂ..."

ಪಂಪಾಪತಿ ಅವಳ ಮಾತನ್ನು ಊಹಿಸಲಿಲ್ಲ, ಪೂರ್ತಿಗೊಳಿಸಲೂ ಇಲ್ಲ. ಸುಮ್ಮನೆ ಕಾದ. ಬಸ್ ಹೊರಟಿತು.

"ಬಸ್ ಹೋ... ಹೋತು," ಎಂದಳು ಕಣ್ಣೀರಿನಲ್ಲೇ.

"ಹೋಗಲಿ. ನೀ ಹೇಳು."

"ನಂಗೂ... ನೀ ಬೇಕು."